ಬಿಚ್ಚಿ ಕಟ್ಟಿದ ಮನೆಗಳು

ಕಾರ್ಕಳದ ಚತುರ್ಮುಖ ಬಸದಿಯನ್ನು ನೀವು ನೋಡಿಯೇ ಇರುತ್ತೀರಿ. 1586ರ ಆ ಕಲ್ಲಿನ ಕಟ್ಟಡ ನಿಂತಲ್ಲಿಯೇ ನಿಂತಿದೆ. ಅಂಥದನ್ನು ಸರಿಸುವುದು ಸಾಮಾನ್ಯರ ಕೆಲಸವಲ್ಲ. ಈಜಿಪ್ತಿನ ಅಬು ಸಿಂಬೆಲ್ ಗುಡಿಗಳನ್ನು 1960ರ ದಶಕದಲ್ಲಿ ನೀರಿನಿಂದ ಮೇಲೆತ್ತಲು ಹಲವು ದೇಶಗಳು ಕೈಗೂಡಿಸಬೇಕಾಯಿತು. ಆದರೆ ಅದೇ ಕಾರ್ಕಳದ ಹತ್ತಿರದ ಮಿಯಾರಿನದೊಂದು ಮನೆ, ಕಾಪುವಿನ ಕಡೆಯ ಕುಂಜೂರಿನದೊಂದು ಚೌಕಿ ಮನೆ, ಎರಡೂ ಈಗ ತಮ್ಮ ಊರಿನಲ್ಲಿಲ್ಲ. ಮಣಿಪಾಲದಲ್ಲಿ ಸುಮಾರು 6 ಎಕರೆ ನೆಲದ ಮೇಲೆ, ಮುಧೋಳದ ಅರಮನೆಯ ದರ್ಬಾರು ಹಾಲು ಮತ್ತು ಕುಕನೂರಿನ ಕಮಲ ಮಹಲಿನ ನೆರೆಯಲ್ಲಿ ಅವು ನಿಂತಿವೆ. ಆ ಸ್ಥಳದ ಹೆಸರು ಹಸ್ತಶಿಲ್ಪ ಹೆರಿಟೇಜ್ ವಿಲೇಜ್.

ಇದನ್ನು ಮಾಡಿದವರು ವಿಜಯನಾಥ ಶೆಣೈ. 1934ರಲ್ಲಿ ಹುಟ್ಟಿ 2017ರಲ್ಲಿ ತೀರಿಕೊಂಡ ಇವರು ಬ್ಯಾಂಕಿನ ನೌಕರರು. ವಾಸ್ತುಶಿಲ್ಪದ ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಒಡೆಯುತ್ತಿದ್ದ ಹಳೆಯ ಮನೆಗಳಿಂದ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಕೂಡಿಸಿ ಮೊದಲು ತಮಗೊಂದು ಮನೆ ಕಟ್ಟಿಕೊಂಡರು, ಅದೇ ‘ಹಸ್ತಶಿಲ್ಪ’. ನೋಡಬಂದವರ ಸಂದಣಿಯಲ್ಲಿ ಅದು ವಾಸದ ಮನೆಯಾಗಿ ಉಳಿಯಲಿಲ್ಲ. ಆಮೇಲೆ ಬಿಡಿಭಾಗಗಳನ್ನು ಬಿಟ್ಟು ಇಡೀ ಮನೆಗಳನ್ನೇ ತರಲು ಹೊರಟರು.

ಅಷ್ಟು ಮನೆಗಳು ಒಡೆಯಲು ಕಾರಣವೇನು? ಅಳಿಯಸಂತಾನದ ಕೂಡುಕುಟುಂಬಗಳು ಪಾಲಾದವು. 1974ರ ಭೂಸುಧಾರಣೆಯಿಂದ ಗೇಣಿ ನಿಂತಿತು. ಉಳುವವನಿಗೆ ನೆಲ ಸಿಕ್ಕಿದ್ದು ನ್ಯಾಯವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೇಣಿಯ ಅಕ್ಕಿಯ ಮೇಲೆ ನಿಂತಿದ್ದ ದೊಡ್ಡ ಮನೆಯ ಮಾಡು ಪ್ರತಿ ಮಳೆಗೂ ದುರಸ್ತಿ ಕೇಳುತ್ತದೆ. ಮಕ್ಕಳು ಮುಂಬಯಿಯಲ್ಲಿ, ಮುದುಕಿಯೊಬ್ಬಳು ಚಾವಡಿಯಲ್ಲಿ. ಅಷ್ಟರಲ್ಲಿ ಮರದ ವ್ಯಾಪಾರಿ ಅಂಗಳಕ್ಕೆ ಬರುತ್ತಾನೆ.

ಆ ವ್ಯಾಪಾರಿಗೆ ತಿಳಿದ ಒಂದು ಸಂಗತಿಯನ್ನೇ ಶೆಣೈಯವರು ಬೇರೆ ಕೆಲಸಕ್ಕೆ ಬಳಸಿದರು. ನಮ್ಮ ಕರಾವಳಿಯ ಹಳೆಯ ಮನೆ, ಬಿಚ್ಚಲು ಬರುವ ಮನೆ. ಹಲಸು, ತೇಗ, ಬೋಗಿಯ ಮರಗಳಲ್ಲಿ ಆಚಾರಿಗಳು ಕಂಬದ ನೆತ್ತಿಗೆ ಕೂರುವಂತೆ ತೊಲೆಯನ್ನು ಕೊರೆದು, ಮರದ ಬೆಣೆ ಹೊಡೆದು ಬಿಗಿಯುತ್ತಿದ್ದರು. ಬೆಣೆಯನ್ನು ಹೊರಡಿಸಿದರೆ ಕೀಲು ಕಳಚುತ್ತದೆ. ಆದುದರಿಂದ ಮೊದಲು ಮನೆಯ ಅಳತೆ ತೆಗೆದು ನಕ್ಷೆ ಬರೆಯಬೇಕು, ಮೂಲೆಮೂಲೆಯ ಫೋಟೋ ಹಿಡಿಯಬೇಕು, ಪ್ರತಿ ಪಕ್ಕಾಸಿಗೂ ತೊಲೆಗೂ ದಾರಂದಕ್ಕೂ ಅಂಕಿ ಹಾಕಬೇಕು. ಹಂಚಿನಿಂದ ಮೊದಲುಮಾಡಿ ಮೇಲಿಂದ ಕೆಳಕ್ಕೆ ಬಿಚ್ಚಿ, ಹೊಸ ಪಂಚಾಂಗದ ಮೇಲೆ ಕೆಳಗಿಂದ ಮೇಲಕ್ಕೆ ಅದೇ ಅಂಕಿಯಂತೆ ಜೋಡಿಸಬೇಕು. ಗೆದ್ದಲು ತಿಂದ ತುಂಡಿಗೆ ಬದಲಿ ಕೊಡಬೇಕು. ಒಂದು ಅಂಕಿ ತಪ್ಪಿದರೆ ಕೀಲು ಕೂರುವುದಿಲ್ಲ. ಒಂದೇ ತೆರನಾಗಿ ಕಾಣುವ ಎರಡು ಕಂಬಗಳು ಸಹ ಕೂದಲೆಳೆಯಷ್ಟು ಬೇರೆಯಾಗಿರುತ್ತವೆ.

ಮಣ್ಣಿನ ಗೋಡೆ ಮಾತ್ರ ಬರುವುದಿಲ್ಲ, ಅದನ್ನು ಹೊಸದಾಗಿಯೇ ಏರಿಸಬೇಕು. ಬಾವಿ ಬರುವುದಿಲ್ಲ, ನಾಗಬನ ಬರುವುದಿಲ್ಲ. ಅಡುಗೆಮನೆಯ ಹೊಗೆಯೂ ಇಲ್ಲ. ಇದು ಮನೆಯೋ ಮನೆಯ ಚಿತ್ರವೋ ಎಂದು ನೀವು ಕೇಳಬಹುದು. ನನಗೂ ಆ ಅನುಮಾನವಿದೆ. ತಮ್ಮ ಹಿರಿಯರ ಜಗಲಿಯನ್ನು ಟಿಕೆಟು ಕೊಂಡು ನೋಡುವವರ ಮನಸ್ಸು ಹೇಗಿರಬಹುದು! ಆದರೂ ಆ ತೊಲೆ ಹೋಟೆಲಿನ ಮೇಜಾಗುವುದಕ್ಕಿಂತ ತೊಲೆಯಾಗಿಯೇ ಉಳಿದದ್ದು ಲೇಸೆಂದು ನನ್ನ ಎಣಿಕೆ. ಬೋದಿಗೆಯ ಕೆತ್ತನೆಯನ್ನು ಪುಸ್ತಕದಲ್ಲಿ ನೋಡುವುದು ಬೇರೆ, ತಗ್ಗಿನ ಬಾಗಿಲಲ್ಲಿ ತಲೆ ಬಾಗಿಸಿ ಒಳಹೊಕ್ಕು ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ನೋಡುವುದು ಬೇರೆ.

ನಿಮ್ಮ ಊರಿನಲ್ಲಿ ಅಂಥದೊಂದು ಮನೆ ಇನ್ನೂ ಉಳಿದಿದ್ದರೆ, ಮಾರುವ ಮಾತಿಗೆ ಮುಂಚೆ ಏಣಿ ಹಾಕಿ ಒಮ್ಮೆ ಮಾಡು ನೋಡಿ. ಚೌಕಿ ಮನೆಯ ನಾಲ್ಕು ಮಾಡುಗಳ ಒಳಬದಿಯ ನೀರು ಒಳ ಅಂಗಳಕ್ಕೇ ಇಳಿಯುತ್ತದೆ. ಎರಡು ಮಾಡು ಕೂಡುವ ಮೂಲೆಯ ಓಣಿಯಲ್ಲಿ ಕಸ ಕಟ್ಟಿ ನೀರು ನಿಂತರೆ ಕೆಳಗಿನ ಮರ ಅಲ್ಲಿಂದಲೇ ಕೊಳೆಯತೊಡಗುತ್ತದೆ. ಅಲ್ಲಿಯ ಹಂಚುಗಳನ್ನು ಕಾರ್ತೆಲಿನ ಮಳೆ ಹಿಡಿಯುವ ಮುಂಚೆ ಬದಲಿಸಿದರೆ, ತೊಲೆಗೆ ಅಂಕಿ ಬರೆಯುವ ಕೆಲಸ ಇನ್ನೂ ಕೆಲವು ವರ್ಷ ತಡೆದೀತು.