ಪ್ರಯೋಗಶಾಲೆಗೂ ಒಂದು ಪರೀಕ್ಷೆ

ಕಾಲೇಜುಗಳ ರಸಾಯನಶಾಸ್ತ್ರದ ತರಗತಿಗಳಲ್ಲಿ ನಡೆಯುವುದನ್ನು ಪ್ರಯೋಗವೆಂದು ಕರೆಯುವುದು ಬಹುಮಟ್ಟಿಗೆ ಉಪಚಾರದ ಮಾತು. ಕೊಟ್ಟ ಲವಣದಲ್ಲಿ ಏನಿದೆಯೆಂಬುದು ಅಧ್ಯಾಪಕರಿಗೆ ಮೊದಲೇ ಗೊತ್ತು. ಬ್ಯುರೆಟ್ಟಿನ ಅಳತೆ ಎಷ್ಟು ಬರಬೇಕೆಂಬುದು ಹಿಂದಿನ ವರ್ಷದವರ ರೆಕಾರ್ಡು ಪುಸ್ತಕದಲ್ಲಿಯೇ ಉಂಟು. ಉತ್ತರವು ಮುಂದೆ ನಡೆಯುತ್ತದೆ, ಪ್ರಯೋಗವು ಅದನ್ನು ಹಿಂಬಾಲಿಸುತ್ತದೆ.

ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾನಿಲಯವು ಆಸ್ಟಿನ್ ನಗರದಲ್ಲಿ 2005ರಿಂದ ಬೇರೊಂದು ಮಾರ್ಗವನ್ನು ಹಿಡಿಯಿತು. ಮೊದಲನೆಯ ವರ್ಷದ ವಿದ್ಯಾರ್ಥಿಗಳನ್ನೇ ಪ್ರಾಧ್ಯಾಪಕರ ನಿಜವಾದ ಸಂಶೋಧನೆಯಲ್ಲಿ ಮೂರು ಸೆಮಿಸ್ಟರುಗಳ ಕಾಲ ತೊಡಗಿಸಿ, ಆ ಕೆಲಸವನ್ನು ಪಾಠಕ್ರಮದ ಭಾಗವೆಂದೇ ಎಣಿಸುವುದು ಅಲ್ಲಿಯ ಪದ್ಧತಿ. ರಸಾಯನಶಾಸ್ತ್ರವೂ ಅದರಲ್ಲಿ ಸೇರಿದೆ. ಫಲವೇನಾದೀತೆಂಬುದು ಅಲ್ಲಿ ಅಧ್ಯಾಪಕರಿಗೂ ಮೊದಲು ತಿಳಿಯದು.

ಕೇಳುವುದಕ್ಕೆ ಸೊಗಸಾಗಿದೆ, ಆದರೆ ಪ್ರಯೋಜನವಾಯಿತೆಂಬುದಕ್ಕೆ ಪ್ರಮಾಣವೇನು? ವಿದ್ಯಾರ್ಥಿಗಳನ್ನೇ ಕೇಳುವುದು ಬಳಕೆಯಲ್ಲಿರುವ ಸುಲಭೋಪಾಯ. ಡೇವಿಡ್ ಲೊಪಾಟೊ ಎಂಬ ವಿದ್ವಾಂಸರು 2004ರಲ್ಲಿ ಪ್ರಕಟಿಸಿದ ಸಮೀಕ್ಷೆಗೆ 41 ಸಂಸ್ಥೆಗಳ 1,135 ವಿದ್ಯಾರ್ಥಿಗಳು ಉತ್ತರವಿತ್ತರು. ಸಂಶೋಧನೆಯಿಂದ ತಮಗೆ ಲಾಭವಾಯಿತೆಂದೇ ಬಹುಜನರ ಹೇಳಿಕೆ. ಉಂಡವರನ್ನು ಊಟದ ರುಚಿ ಕೇಳುವುದು ತಪ್ಪಲ್ಲ. ಉಂಡದ್ದು ಮೈಗೆ ಹತ್ತಿತೇ ಎಂಬುದು ಬೇರೆಯ ಪ್ರಶ್ನೆ.

ಆ ಪ್ರಶ್ನೆಯನ್ನು ರೋಡನ್‌ಬುಷ್ ಮೊದಲಾದ ನಾಲ್ವರು 2016ರಲ್ಲಿ ಆಸ್ಟಿನ್ನಿನ ದಾಖಲೆಗಳನ್ನೇ ಮುಂದಿಟ್ಟುಕೊಂಡು ವಿಚಾರಿಸಿದರು. ಬುದ್ಧಿವಂತರೇ ಇಂತಹ ತರಗತಿಗೆ ಸೇರುತ್ತಾರೆಂಬ ಆಕ್ಷೇಪಣೆ ಬರುವುದು ಸಹಜ. ಆದುದರಿಂದ ಪೂರ್ವಸಿದ್ಧತೆ ಮೊದಲಾದವುಗಳಲ್ಲಿ ಸಮಾನರಾಗಿದ್ದೂ ಸೇರದೆ ಉಳಿದವರೊಡನೆ ಹೋಲಿಸಿದರು. ಪಡೆದ ಪದವಿಯು ವಿಜ್ಞಾನಾದಿ ವಿಷಯಗಳಲ್ಲಿಯೇ ಆಗಿರುವ ಸಂಭವವು ಮೂರು ಸೆಮಿಸ್ಟರುಗಳನ್ನೂ ಪೂರೈಸಿದವರಲ್ಲಿ ನೂರಕ್ಕೆ 94, ಇತರರಲ್ಲಿ 71. ಆರು ವರ್ಷಗಳೊಳಗೆ ಪದವೀಧರರಾಗುವ ಸಂಭವವು ಕ್ರಮವಾಗಿ 83 ಮತ್ತು 66. ಉತ್ಸಾಹವನ್ನು ತೂಗುವ ತಕ್ಕಡಿ ಇಲ್ಲವಾದುದರಿಂದ ಸಂಶಯವು ಪೂರ್ತಿಯಾಗಿ ನೀಗಿತೆನ್ನಲಾರೆವು. ಪರೀಕ್ಷಕರಲ್ಲಿ ಆ ಯೋಜನೆಯೊಡನೆ ಸಂಬಂಧವುಳ್ಳವರೂ ಇದ್ದರೆಂಬುದನ್ನು ವಾಚಕರು ಮರೆಯಬಾರದು. ಆದರೂ ಇದು ಬರಿಯ ಹೊಗಳಿಕೆಯಲ್ಲ, ಲೆಕ್ಕ.

ನಮ್ಮ ಗಮನವನ್ನು ಹೆಚ್ಚಾಗಿ ಸೆಳೆದುದು ಮತ್ತೊಂದು ಸಂಗತಿ. ಪದವಿಯ ಹೊತ್ತಿಗೆ ಎರಡು ಗುಂಪುಗಳ ಸರಾಸರಿ ಅಂಕಗಳಲ್ಲಿ ಗಣನೀಯವಾದ ಭೇದವೇ ಕಾಣಲಿಲ್ಲ. ಅಂಕಪಟ್ಟಿಯೊಂದನ್ನೇ ನೋಡಿದ್ದರೆ ಯೋಜನೆಯು ವ್ಯರ್ಥವೆಂದು ತೀರ್ಮಾನವಾಗುತ್ತಿತ್ತು!

ನಮ್ಮ ವಿಶ್ವವಿದ್ಯಾನಿಲಯ ಅನುದಾನ ಆಯೋಗವು 2022ರ ತನ್ನ ಚೌಕಟ್ಟಿನಲ್ಲಿ ಪದವಿ ವಿದ್ಯಾರ್ಥಿಗಳ ಸಂಶೋಧನೆಗೆ ನಾಲ್ಕನೆಯ ವರ್ಷವನ್ನು ಗೊತ್ತುಮಾಡಿತು. ಮೊದಲ ಆರು ಸೆಮಿಸ್ಟರುಗಳಲ್ಲಿ ನೂರಕ್ಕೆ 75 ಅಂಕಗಳನ್ನು ಪಡೆದಿರಬೇಕೆಂಬ ನಿಬಂಧನೆಯನ್ನೂ ಹಾಕಿತು. ಆಸ್ಟಿನ್ನಿನಲ್ಲಿ ವಿದ್ಯಾರ್ಥಿಯನ್ನು ವಿಜ್ಞಾನದಲ್ಲಿ ನಿಲ್ಲಿಸಿದ ಸಾಧನವು ಇಲ್ಲಿ ನಿಂತವರಿಗೆ ಕೊಡುವ ಬಹುಮಾನವಾಗಿದೆ. ಮೊದಲ ವರ್ಷದಲ್ಲಿಯೇ ಬೇಸತ್ತು ವಿಷಯವನ್ನು ಬಿಟ್ಟುಹೋದ ಹುಡುಗನಿಗೆ ನಾಲ್ಕನೆಯ ವರ್ಷದ ಬಾಗಿಲು ತೆರೆದರೇನು, ಮುಚ್ಚಿದರೇನು?