ಯೀಸ್ಟ್ ಕಣದ ದುರಸ್ತಿ ಖಾತೆ

ನಾಸಿಕದಲ್ಲಿ ನೆಲೆಸಿ ದ್ರಾಕ್ಷಿ ತೋಟಗಳನ್ನು ನೋಡದ ಕನ್ನಡಿಗರು ಇರಲಾರರು. ಆ ಹಣ್ಣಿನ ರಸವನ್ನು ಮದ್ಯವಾಗಿಸುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿ. ಮಿಸಳದ ಜೊತೆಗೆ ನಾವು ತಿನ್ನುವ ಪಾವು ಉಬ್ಬುವುದು ಅದರಿಂದಲೇ. ಛತ್ರಪತಿ ಸಂಭಾಜಿನಗರದ ಹೆಸರಾಂತ ನಾನ್-ಖಲಿಯಾದ ನಾನ್ ಮೃದುವಾಗುವುದೂ ಅದರಿಂದಲೇ. ನಮ್ಮ ಮನೆಯ ಇಡ್ಲಿಹಿಟ್ಟನ್ನು ಉಬ್ಬಿಸುವ ಮುಖ್ಯ ಕೆಲಸ ಬ್ಯಾಕ್ಟೀರಿಯಗಳದ್ದಾದರೂ ಅಲ್ಲಿಯೂ ಯೀಸ್ಟ್ ಕಣಗಳು ಕೈಜೋಡಿಸುವುದುಂಟು. ಇಷ್ಟು ಪರಿಚಯದ ಈ ಕಣವು ಮನುಷ್ಯನ ಕ್ಯಾನ್ಸರ್ ರೋಗದ ಒಂದು ಗುಟ್ಟನ್ನೂ ತಿಳಿಸಿಕೊಟ್ಟಿದೆಯೆಂದರೆ ಅನೇಕರಿಗೆ ಆಶ್ಚರ್ಯವಾದೀತು. ನಾನು ವಿಜ್ಞಾನದ ಅಧ್ಯಾಪಕನಲ್ಲ, ಬಿ.ಎ. ಮುಗಿಸಿ ಸರಕಾರಿ ಕಚೇರಿಯಲ್ಲಿ ಕಾರಕೂನನಾಗಿರುವವನು. ಆದರೂ ಈ ವಿಷಯ ನಮ್ಮ ಕಚೇರಿಯ ರೀತಿಗೆ ಬಹಳ ಹತ್ತಿರವಾಗಿರುವುದರಿಂದ ಹೇಳುವ ಧೈರ್ಯ ಮಾಡಿದ್ದೇನೆ.

ಯೀಸ್ಟ್ ಕಣದ ಅಗಲ ಒಂದು ಮಿಲಿಮೀಟರಿನ ಸುಮಾರು 200ರಲ್ಲಿ ಒಂದು ಪಾಲು. ಆ ಪುಟ್ಟ ಕಣದೊಳಗೆ 16 ವರ್ಣತಂತುಗಳಿವೆ. ಅವುಗಳಲ್ಲಿ ಡಿ.ಎನ್.ಎ. ಎಂಬ ಜೋಡಿ ಎಳೆಯ ಮೇಲೆ ಸುಮಾರು 1 ಕೋಟಿ 20 ಲಕ್ಷ ಅಕ್ಷರಗಳಷ್ಟು ಬರಹವಿದೆ. ಕಣ ಹೇಗೆ ಬೆಳೆಯಬೇಕು, ಏನನ್ನು ತಯಾರಿಸಬೇಕು ಎಂಬ ಆದೇಶಗಳೆಲ್ಲ ಅಲ್ಲಿಯೇ. ವಿಜ್ಞಾನಿಗಳು ಈ ಬರಹವನ್ನು 1996ರಲ್ಲಿ ಪೂರ್ತಿಯಾಗಿ ಓದಿ ಮುಗಿಸಿದರು. ಕೋಶಕೇಂದ್ರವುಳ್ಳ ಜೀವಿಗಳಲ್ಲಿ ಈ ಗೌರವ ಮೊದಲು ದೊರೆತದ್ದು ಯೀಸ್ಟಿಗೆ.

ದಫ್ತರ ಎಂದ ಮೇಲೆ ಹಾಳೆ ಹರಿಯುವುದು ತಪ್ಪಿದ್ದಲ್ಲ. ಬಿಸಿಲಿನ ಅತಿನೇರಳೆ ಕಿರಣ ಡಿ.ಎನ್.ಎ.ಯ ಪಕ್ಕಪಕ್ಕದ ಅಕ್ಷರಗಳನ್ನು ಅಂಟಿಸಿಬಿಡುತ್ತದೆ. ಯೀಸ್ಟಿನಲ್ಲಿರುವ ಒಂದು ಕಿಣ್ವವು ಬೆಳಕಿನ ಶಕ್ತಿಯನ್ನೇ ಬಳಸಿ ಆ ಅಂಟನ್ನು ಬಿಡಿಸುತ್ತದೆ. ನಮ್ಮ ಮೈಯಲ್ಲಿ ಆ ಕಿಣ್ವವಿಲ್ಲ; ನಮ್ಮ ಕೋಶಗಳು ಕೆಟ್ಟ ತುಣುಕನ್ನೇ ಕತ್ತರಿಸಿ ತೆಗೆದು, ಹೊಸದಾಗಿ ಬರೆದು ಸೇರಿಸಬೇಕು. ಇದಕ್ಕಿಂತ ದೊಡ್ಡ ಅಪಾಯವೆಂದರೆ ಎರಡೂ ಎಳೆಗಳು ಒಂದೇ ಜಾಗದಲ್ಲಿ ತುಂಡಾಗುವುದು. ಕ್ಷಕಿರಣದಂಥವು ತಗುಲಿದಾಗ ಹೀಗಾಗುತ್ತದೆ. ದುರಸ್ತಿಯಾಗದೆ ಉಳಿದರೆ ಇಂಥ ಒಂದೇ ತುಂಡು ಕಣದ ಪ್ರಾಣಕ್ಕೆ ಕುತ್ತು ತರಬಲ್ಲುದು.

ಕಚೇರಿಯಲ್ಲಿ ಒಂದು ಹಾಳೆ ಹರಿದು ನಾಲ್ಕು ಸಾಲು ಕಾಣೆಯಾದರೆ ಏನು ಮಾಡುತ್ತೇವೆ? ಅಂಚುಗಳನ್ನು ಹಾಗೆಯೇ ಅಂಟಿಸಬಹುದು. ಆದರೆ ಹೋದ ಸಾಲು ಹೋದಂತೆಯೇ. ಊಹೆಯಿಂದ ತುಂಬಿದರೆ ಯಾರದೋ ಹೊಲ ಇನ್ನಾರದೋ ಹೆಸರಿಗೆ ಬಿದ್ದೀತು. ಸರಿಯಾದ ಮಾರ್ಗವೆಂದರೆ ಇನ್ನೊಂದು ಪ್ರತಿಯನ್ನು ತರಿಸಿ, ಅದನ್ನು ನೋಡಿ ಬರೆದು ಪೂರ್ತಿ ಮಾಡುವುದು. ಯೀಸ್ಟ್ ಕಣ ಹೆಚ್ಚಾಗಿ ಹಿಡಿಯುವುದು ಈ ಮಾರ್ಗವನ್ನೇ. ಮೊದಲು ತುಂಡಾದ ತುದಿಗಳನ್ನು ಸವರಿ, ಒಂಟಿ ಎಳೆಯ ಬಾಲಗಳನ್ನು ಹೊರಗೆ ಬಿಡಿಸುತ್ತದೆ. ರಾಡ್-52 ಎಂಬ ಪ್ರೋಟೀನಿನ ನೆರವಿನಿಂದ ರಾಡ್-51 ಎಂಬ ಇನ್ನೊಂದು ಪ್ರೋಟೀನು ಆ ಬಾಲದ ಮೇಲೆ ಸಾಲಾಗಿ ಕೂರುತ್ತದೆ. ಹಾಗೆ ಕುಳಿತು, ಕಣದಲ್ಲಿರುವ ಇನ್ನೊಂದು ಪ್ರತಿಯಲ್ಲಿ ಅದೇ ಒಕ್ಕಣೆ ಎಲ್ಲಿದೆಯೆಂದು ಹುಡುಕುತ್ತದೆ. ಸಿಕ್ಕೊಡನೆ ಆ ಪ್ರತಿಯ ಜೋಡಿ ಎಳೆಯನ್ನು ಬಿಡಿಸಿ, ಕಾಣೆಯಾದ ಸಾಲುಗಳನ್ನು ನಕಲು ಮಾಡಿ, ಗಾಯವನ್ನು ಮುಚ್ಚಲಾಗುತ್ತದೆ. ಈ ಕ್ರಮದ ಒಂದು ಸ್ಪಷ್ಟ ಚಿತ್ರವನ್ನು ಯೀಸ್ಟಿನ ಪ್ರಯೋಗಗಳ ಆಧಾರದಿಂದ 1983ರಲ್ಲಿ ಮುಂದಿಟ್ಟವರು ಶೋಸ್ಟಾಕ್, ಆರ್-ವೀವರ್, ರಾತ್‌ಸ್ಟೀನ್ ಮತ್ತು ಸ್ಟಾಲ್ ಎಂಬ ನಾಲ್ವರು ವಿಜ್ಞಾನಿಗಳು.

ದುರಸ್ತಿ ಮುಗಿಯುವ ತನಕ ಕಡತ ಮುಂದಕ್ಕೆ ಹೋಗಬಾರದಷ್ಟೆ? ಆ ನಿಯಮವೂ ಯೀಸ್ಟಿನಲ್ಲಿದೆ. ಡಿ.ಎನ್.ಎ. ಕೆಟ್ಟಿದ್ದರೆ ಕಣವು ಎರಡಾಗಿ ಒಡೆಯುವುದನ್ನು ತಡೆದು ನಿಲ್ಲಿಸುವ ಕಾವಲು ಅಲ್ಲಿದೆಯೆಂದು ವೈನರ್ಟ್ ಮತ್ತು ಹಾರ್ಟ್‌ವೆಲ್ 1988ರಲ್ಲಿ ತೋರಿಸಿಕೊಟ್ಟರು. ಆ ಕಾವಲು ಕೆಟ್ಟ ಯೀಸ್ಟ್ ಕಣಗಳು ಹರಿದ ದಫ್ತರವನ್ನೇ ಹೊತ್ತು ವಿಭಾಗವಾಗಿ ಸಾಯುತ್ತವೆ. ಕೋಶವಿಭಜನೆಯ ಹತೋಟಿಯನ್ನು ಕುರಿತ ಸಂಶೋಧನೆಗಾಗಿ ಹಾರ್ಟ್‌ವೆಲ್ ಅವರಿಗೆ 2001ರಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು.

ಇನ್ನೊಂದು ವಿಚಿತ್ರವನ್ನು ಕೇಳಿರಿ. ಯಾವ ತುಂಡಿಗೆ ಕಣ ಇಷ್ಟು ಹೆದರುತ್ತದೆಯೋ ಆ ತುಂಡನ್ನು ಒಮ್ಮೊಮ್ಮೆ ತಾನೇ ಮಾಡಿಕೊಳ್ಳುತ್ತದೆ! ಆಹಾರಕ್ಕೆ ಬರ ಬಂದಾಗ, ತಂದೆತಾಯಿಗಳಿಬ್ಬರ ವರ್ಣತಂತುಗಳನ್ನೂ ಪಡೆದಿರುವ ಯೀಸ್ಟ್ ಕಣ ನಾಲ್ಕು ಬೀಜಕಣಗಳಾಗಿ ಮಾರ್ಪಡುತ್ತದೆ. ಆಗ ಸ್ಪೋ-11 ಎಂಬ ಪ್ರೋಟೀನು ಡಿ.ಎನ್.ಎ.ಯನ್ನು ಸುಮಾರು 150 ಕಡೆ ಬೇಕೆಂದೇ ಕತ್ತರಿಸುತ್ತದೆ. ಅವನ್ನು ದುರಸ್ತಿ ಮಾಡುವಾಗ ತಂದೆಯ ತಂತು ತಾಯಿಯ ತಂತಿನಿಂದ ನಕಲು ಪಡೆಯುತ್ತದೆ. ಹಲವು ಕಡೆ ತುಂಡುಗಳು ಅದಲುಬದಲಾಗುತ್ತವೆ. ಹುಟ್ಟುವ ಬೀಜಕಣ ತಂದೆಯಂತೆಯೂ ಅಲ್ಲ, ತಾಯಿಯಂತೆಯೂ ಅಲ್ಲ, ಎರಡರ ಹೊಸ ಬೆರಕೆ. ಹಳೆಯದನ್ನು ಕಾಯುವ ಕೈಯೇ ಹೊಸದನ್ನೂ ಹೆಣೆಯುತ್ತದೆ. ಒಂದೇ ತಾಯಿಯ ಮಕ್ಕಳು ಒಬ್ಬರಂತೆ ಒಬ್ಬರಿಲ್ಲದಿರುವುದಕ್ಕೆ ನಮ್ಮಲ್ಲಿಯೂ ಇದೇ ಒಂದು ಕಾರಣ.

ಈ ಶೋಧನೆಯಲ್ಲಿ ನಮ್ಮ ನಾಡಿನ ಪಾಲೂ ಇದೆಯೆಂಬುದು ಹೊರನಾಡಿನಲ್ಲಿರುವ ನಮಗೆ ಹೆಮ್ಮೆಯ ಸಂಗತಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊಫೆಸರ್ ಕೆ. ಮುನಿಯಪ್ಪನವರು ಡಿ.ಎನ್.ಎ. ಅದಲುಬದಲಿನ ವಿಷಯದಲ್ಲಿ ದೀರ್ಘಕಾಲ ದುಡಿದವರು. 1995ರಲ್ಲಿ ಶಾಂತಿಸ್ವರೂಪ ಭಟ್ನಾಗರ್ ಪಾರಿತೋಷಕ ಪಡೆದವರು. ಬೀಜಕಣವಾಗುವ ಕಾಲದಲ್ಲಿ ಮಾತ್ರ ಯೀಸ್ಟಿನಲ್ಲಿ ಕಾಣಿಸುವ ಹಾಪ್-1 ಎಂಬ ಪ್ರೋಟೀನನ್ನು ಅವರೂ ಸಂಗಡಿಗರೂ ಅಭ್ಯಸಿಸಿದರು. ಅದು ಡಿ.ಎನ್.ಎ.ಯಲ್ಲಿ ನಾಲ್ಕೆಳೆಯ ಗಂಟು ಬೀಳಲು ಪ್ರೇರಣೆ ಕೊಡುತ್ತದೆಂದು 2000ದಲ್ಲಿ ಪ್ರಕಟಿಸಿದರು. ತಂದೆತಾಯಿಗಳ ವರ್ಣತಂತುಗಳು ಒಂದಕ್ಕೊಂದು ಜೋಡಿಯಾಗಿ ನಿಲ್ಲುವುದಕ್ಕೆ ಇಂಥ ಗಂಟು ನೆರವಾಗಬಹುದೆಂಬುದು ಅಲ್ಲಿನ ವಿಚಾರ.

ಇದರಿಂದ ಸಂಸಾರಸ್ಥರಾದ ನಮಗೇನು ಪ್ರಯೋಜನವೆಂದು ಯಾರಾದರೂ ಕೇಳಬಹುದು. ರಾಡ್-51 ಮನುಷ್ಯನ ಕೋಶದಲ್ಲಿಯೂ ಇದೆ, ಕೆಲಸವೂ ಅದೇ. ಯೀಸ್ಟಿನಲ್ಲಿ ಅದನ್ನು ಎಳೆಯ ಮೇಲೆ ಕೂರಿಸುವುದು ರಾಡ್-52; ನಮ್ಮಲ್ಲಿ ಆ ಹೊಣೆ ಮುಖ್ಯವಾಗಿ ಬಿ.ಆರ್.ಸಿ.ಎ.-2 ಎಂಬ ಪ್ರೋಟೀನಿನದು. ಅದರ ಆದೇಶದಲ್ಲಿ ಹುಟ್ಟಿನಿಂದಲೇ ದೋಷವಿದ್ದ ಸ್ತ್ರೀಯರಿಗೆ ಸ್ತನದ ಮತ್ತು ಅಂಡಾಶಯದ ಕ್ಯಾನ್ಸರ್ ತಗಲುವ ಸಂಭವ ಬಹಳ ಹೆಚ್ಚು. ಬಹುಮಟ್ಟಿನ ಸ್ತನ ಕ್ಯಾನ್ಸರ್ ವಂಶದಿಂದ ಬರುವುದಲ್ಲ. ಆದುದರಿಂದ ಎಲ್ಲರೂ ಗಾಬರಿಯಾಗಬೇಕಿಲ್ಲ. ಆದರೆ ಮನೆತನದಲ್ಲಿ ಇಬ್ಬರು ಮೂವರಿಗೆ, ಅದರಲ್ಲೂ ಚಿಕ್ಕ ವಯಸ್ಸಿನಲ್ಲಿ, ಈ ರೋಗ ಬಂದಿದ್ದರೆ ಮುಚ್ಚಿಡಬಾರದು. ತಾಯಿಯ ಕಡೆಯವರನ್ನು ಮಾತ್ರ ಎಣಿಸಿದರೆ ಸಾಲದು. ಸೋದರತ್ತೆಯನ್ನೂ ಅಜ್ಜಿಯನ್ನೂ ಎಣಿಸಬೇಕು. ಏಕೆಂದರೆ ಈ ದೋಷ ತಂದೆಯಿಂದಲೂ ಬರಬಲ್ಲುದು. ತಂದೆತಾಯಿಗಳಲ್ಲಿ ಒಬ್ಬರಿಗಿದ್ದರೆ ಗಂಡಾಗಲಿ ಹೆಣ್ಣಾಗಲಿ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ರಕ್ತ ಪರೀಕ್ಷೆಯಿಂದ ಅದನ್ನು ತಿಳಿಯಬಹುದು. ಮುಂಬಯಿಯ ಟಾಟಾ ಮೆಮೋರಿಯಲ್ ಕೇಂದ್ರದಲ್ಲಿ ಇದರ ಬಗ್ಗೆ ಸಲಹೆ ಕೊಡುವವರಿದ್ದಾರೆ.

ಈ ದೋಷವನ್ನೇ ರೋಗದ ವಿರುದ್ಧ ತಿರುಗಿಸುವ ಔಷಧವೂ ಬಂದಿದೆ. ಪ್ರತಿ ನೋಡಿ ದುರಸ್ತಿ ಮಾಡಲಾರದ ಕ್ಯಾನ್ಸರ್ ಕೋಶ ಬದುಕಲು ಬೇರೊಂದು ದುರಸ್ತಿಯ ದಾರಿಯನ್ನು ನೆಚ್ಚಿರುತ್ತದೆ. ಓಲಾಪರಿಬ್ ಎಂಬ ಮದ್ದು ಆ ದಾರಿಯನ್ನೂ ಮುಚ್ಚುತ್ತದೆ. ಸರಿಯಾದ ಪ್ರತಿಯುಳ್ಳ ಆರೋಗ್ಯವಂತ ಕೋಶ ಉಳಿಯುತ್ತದೆ, ರೋಗದ ಕೋಶ ಅಳಿಯುತ್ತದೆ. ಅಮೇರಿಕದಲ್ಲಿ ಇದಕ್ಕೆ 2014ರಲ್ಲಿ ಮೊದಲ ಒಪ್ಪಿಗೆ ದೊರೆಯಿತು.

ಕ್ಷಕಿರಣಕ್ಕೆ ಬೇಗ ಸಾಯುವ ಯೀಸ್ಟ್ ಕಣಗಳನ್ನು ಆರಿಸಿ, ಅವೇಕೆ ಸಾಯುತ್ತವೆಂದು ಕೇಳಿದವರ ಮುಂದೆ ಆಗ ಯಾವ ರೋಗಿಯೂ ಇರಲಿಲ್ಲ. ಆ ಪ್ರಶ್ನೆಯ ಉತ್ತರದಿಂದ ಇಂದು ಎಷ್ಟೋ ಮನೆಗಳಲ್ಲಿ ಅಕ್ಕನ ಕಾಯಿಲೆ ತಂಗಿಗೆ ಮುನ್ನೆಚ್ಚರಿಕೆಯಾಗುತ್ತಿದೆ. ನಮ್ಮ ಕುಟುಂಬಗಳೂ ಊರಲ್ಲಿರುವ ಹಿರಿಯರನ್ನು ಕೇಳಿ, ಯಾರಿಗೆ ಯಾವ ವಯಸ್ಸಿನಲ್ಲಿ ಯಾವ ರೋಗ ಬಂದಿತ್ತೆಂಬುದನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಒಳ್ಳೆಯದು. ಅದರ ಒಂದು ಪ್ರತಿ ಮಗನ ಮನೆಯಲ್ಲಿ, ಇನ್ನೊಂದು ಮಗಳ ಮನೆಯಲ್ಲಿ ಇರಲಿ.