ಮೂಕವಾದ ಕೀಬೋರ್ಡಿನ ಚಿಕಿತ್ಸೆ

ಹಾರ್ಮೋನಿಯಂ ಕೆಟ್ಟರೆ ಅದರ ಕಾರಣವನ್ನು ಕಣ್ಣು ಕಿವಿಗಳಿಂದಲೇ ಕಂಡುಹಿಡಿಯಬಹುದು. ತಿದಿ ಹರಿದಿದ್ದರೆ ಗಾಳಿ ಬುಸುಗುಟ್ಟುತ್ತದೆ. ರೀಡಿನಲ್ಲಿ ಧೂಳು ಸಿಕ್ಕಿಕೊಂಡಿದ್ದರೆ ಆ ಒಂದು ಸ್ವರ ಮಾತ್ರ ಕೆಡುತ್ತದೆ. ಆದರೆ ರಸಮಂಜರಿ ಕಾರ್ಯಕ್ರಮಗಳಲ್ಲಿಯೂ ಭಜನಾ ಮಂದಿರಗಳಲ್ಲಿಯೂ ಹಾರ್ಮೋನಿಯಂನ ಪಕ್ಕಕ್ಕೆ ಬಂದು ನಿಂತಿರುವ ಇಲೆಕ್ಟ್ರಾನಿಕ್ ಕೀಬೋರ್ಡಿನ ಸಂಗತಿ ಬೇರೆ. ಅದರಲ್ಲಿ ಸ್ವರ ಹುಟ್ಟುವೆಡೆ ಅಲುಗಾಡುವ ವಸ್ತು ಯಾವುದೂ ಇಲ್ಲ. ಅದು ಮೂಕವಾದರೆ ದೋಷವನ್ನು ಎಲ್ಲಿಂದ ಹುಡುಕತೊಡಗಬೇಕು? “ಬೋರ್ಡೇ ಹೋಗಿದೆ, ಹೊಸದನ್ನು ಕೊಂಡುಬಿಡಿ” ಎಂಬ ತೀರ್ಪು ಸಾಮಾನ್ಯ ದುರಸ್ತಿ ಅಂಗಡಿಗಳಲ್ಲಿ ಬಹು ಬೇಗ ಸಿಕ್ಕುತ್ತದೆ. ಇಂಥ ವಾದ್ಯಗಳ ಕೆಲಸವನ್ನೇ ಹಿಡಿದಿರುವ ದುರಸ್ತಿಗಾರನು ಅಷ್ಟು ಅವಸರಪಡುವುದಿಲ್ಲ. ತಿರುಪು ಬಿಚ್ಚುವ ಮುನ್ನ ಅವನು ಒಂದೊಂದೇ ಕೀಯನ್ನು ಒತ್ತುತ್ತ, ಕೆಟ್ಟ ಸ್ವರಗಳನ್ನು ಎಣಿಸುತ್ತಾನೆ. ಈ ಎಣಿಕೆಯಿಂದ ಏನು ತಿಳಿಯುತ್ತದೆಂಬುದನ್ನು ನಾವು ನೋಡೋಣ.

ಸಾಮಾನ್ಯ ಕೀಬೋರ್ಡಿನಲ್ಲಿ 61 ಕೀಗಳಿರುತ್ತವೆ: ಐದು ಸಪ್ತಕಗಳು, ಮೇಲೊಂದು ಕೀ. ಬಹುಪಾಲು ವಾದ್ಯಗಳಲ್ಲಿ ಪ್ರತಿಯೊಂದು ಕೀಯ ಅಡಿಯಲ್ಲಿಯೂ ರಬ್ಬರಿನ ಗುಬುಟು, ಅದರ ಒಳಮೈಗೆ ಇಂಗಾಲ ಬೆರೆಸಿದ ಕರಿಯ ಬಿಲ್ಲೆ ಇರುತ್ತವೆ. ಕೀ ಕೆಳಗಿಳಿದಾಗ ಈ ಬಿಲ್ಲೆಯು ಹಲಗೆಯ ಮೇಲಿನ ಎರಡು ವಾಹಕ ಗೆರೆಗಳನ್ನು ಮುಟ್ಟಿ ವಿದ್ಯುತ್ತಿಗೆ ಸೇತುವೆಯಾಗುತ್ತದೆ. ಬೆರಳಿನ ಬಿರುಸನ್ನು ಅರಿಯಬಲ್ಲ ವಾದ್ಯಗಳಲ್ಲಿ ಕೀಯೊಂದಕ್ಕೆ ಎರಡು ಬಿಲ್ಲೆಗಳುಂಟು. ಒಂದು ತುಸು ಮುಂಚೆ, ಇನ್ನೊಂದು ತುಸು ತಡವಾಗಿ ಮುಟ್ಟುವಂತೆ ಅವನ್ನು ಅಳವಡಿಸಿರುತ್ತಾರೆ. ಎರಡು ಸ್ಪರ್ಶಗಳ ನಡುವಣ ಕಾಲವನ್ನು ಒಳಗಿನ ಗಣಕವು ಅಳೆದು, ಕಾಲ ಕಡಿಮೆಯಾದಷ್ಟೂ ಸ್ವರವನ್ನು ಗಟ್ಟಿಯಾಗಿ ನುಡಿಸುತ್ತದೆ. ವಾದ್ಯವು ಇಲ್ಲಿ ಅಳೆಯುವುದು ವೇಗವನ್ನೇ ಹೊರತು ಬಲವನ್ನಲ್ಲ ಎಂಬುದನ್ನು ಭೌತಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕು. ಧೂಳಾಗಲಿ ಬೆವರಾಗಲಿ ಈ ಬಿಲ್ಲೆಗಳಲ್ಲೊಂದರ ಮೇಲೆ ಕುಳಿತರೆ ಆ ಕೀ ಮೂಕವಾಗಬಹುದು. ಇಲ್ಲವೆ ಎಷ್ಟು ಮೆಲ್ಲಗೆ ಒತ್ತಿದರೂ ಅರಚಬಹುದು. ಒಂದೇ ಕೀ ಹೀಗೆ ಕೆಟ್ಟಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಯ್ದ ಮೆತ್ತನೆಯ ಬಟ್ಟೆಯೇ ಹಲವು ವೇಳೆ ಸಾಕಾದ ಔಷಧ. ಮರಳುಕಾಗದದಿಂದ ಉಜ್ಜುವವರೂ ಇದ್ದಾರೆ! ಇಂಗಾಲದ ಪದರವೇ ಕಿತ್ತುಹೋದ ಮೇಲೆ ಸೇತುವೆ ಎಲ್ಲಿಯದು?

ಕೆಟ್ಟಿರುವುದು ಒಂದಲ್ಲ, ಎಂಟು ಕೀಗಳಾದರೆ? 61 ಕೀಗಳಿಗೂ ಬೇರೆ ಬೇರೆ ತಂತಿಗಳನ್ನು ಎಳೆಯುವುದು ದಂಡದ ಕೆಲಸ. ಆದುದರಿಂದ ತಂತಿಗಳನ್ನು ಎಂಟು ಅಡ್ಡಸಾಲು, ಎಂಟು ನೀಟಸಾಲುಗಳ ಜಾಲವಾಗಿ ಹೆಣೆಯುತ್ತಾರೆ. ಎಂಟೆಂಟಲ 64 ಸಂಧಿಗಳಾದುವಷ್ಟೆ. 16 ತಂತಿಗಳಲ್ಲಿ ಎಲ್ಲ ಕೀಗಳೂ ಅಡಗಿಬಿಟ್ಟವು. ಗಣಕವು ಒಂದಾದ ಮೇಲೊಂದು ಸಾಲಿಗೆ ವಿದ್ಯುತ್ ಮಿಡಿತವನ್ನು ಕಳುಹಿಸಿ, ಅದು ಯಾವ ದಾರಿಯಲ್ಲಿ ಮರಳಿತೆಂಬುದರಿಂದ ಒತ್ತಿದ ಕೀಯನ್ನು ಗುರುತಿಸುತ್ತದೆ. ಇದನ್ನು ಬಲ್ಲವನಿಗೆ, ಅಕ್ಕಪಕ್ಕದ ಎಂಟು ಕೀಗಳು ಒಟ್ಟಿಗೆ ಸತ್ತಿದ್ದರೆ, ಅಥವಾ ಎಂಟಕ್ಕೊಂದರಂತೆ ಉದ್ದಕ್ಕೂ ಸತ್ತಿದ್ದರೆ, ಒಂದು ಸಾಲಿನ ತಂತಿಯೋ ಬೆಸುಗೆಯೋ ಬಿಟ್ಟಿರಬೇಕೆಂಬುದು ಪೆಟ್ಟಿಗೆ ಬಿಚ್ಚುವ ಮೊದಲೇ ಹೊಳೆಯುತ್ತದೆ. ಎಂಟು ಬಿಲ್ಲೆಗಳು ಒಂದೇ ದಿನ ಕೊಳೆಯಾಗಲಾರವು.

ಮೂರನೆಯ ಬಗೆಯ ದೋಷ ಇನ್ನೂ ವಿಚಿತ್ರವಾದುದು. ಅದು ಯಾವ ಕೀಗೂ ಅಂಟಿಕೊಂಡಿರುವುದಿಲ್ಲ. ಈಗ ಷಡ್ಜದಲ್ಲಿ ಕಂಡರೆ ಮರುಕ್ಷಣ ಪಂಚಮದಲ್ಲಿ ಕಾಣುತ್ತದೆ. ಜಪಾನಿನ ರೋಲ್ಯಾಂಡ್ ಸಂಸ್ಥೆಯು 1984ರಲ್ಲಿ ಹೊರತಂದ ಜೂನೋ-106 ಎಂಬ ಸಿಂಥಸೈಸರ್ ಇದಕ್ಕೆ ಪ್ರಸಿದ್ಧ ನಿದರ್ಶನ. ಅದು ಏಕಕಾಲಕ್ಕೆ ಆರು ಸ್ವರಗಳನ್ನು ಮಾತ್ರ ನುಡಿಸಬಲ್ಲದು, ಏಕೆಂದರೆ ಸ್ವರಕ್ಕೆ ರೂಪ ಕೊಡುವ ಮಂಡಲಗಳು ಒಳಗಿರುವುದು ಆರೇ. ಕೀಗಳನ್ನು ಒತ್ತುತ್ತ ಹೋದಂತೆ ಗಣಕವು ಅವುಗಳಿಗೆ ಸರದಿಯಂತೆ ಕೆಲಸ ಹಂಚುತ್ತದೆ. ಒಂದು ಮಂಡಲ ಕೆಟ್ಟರೆ, ಯಾವ ಕೀ ಒತ್ತಿದರೂ ಸರಿಯೆ, ಆರಕ್ಕೊಂದು ಸ್ವರ ಮೂಕವಾಗುತ್ತದೆ ಇಲ್ಲವೆ ಕರಕರಗುಟ್ಟುತ್ತದೆ. ಎಣಿಕೆಯಿಲ್ಲದೆ ಇದು ಭೂತಚೇಷ್ಟೆಯಂತೆ ತೋರುವುದು ಸಹಜ.

ಜೂನೋದಲ್ಲಿ ಕೆಡುವ ಭಾಗವು ಸಾಮಾನ್ಯವಾಗಿ 80017ಎ ಎಂಬ ಪುಟ್ಟ ಘಟಕ. ಅದನ್ನು ಕಾಪಾಡಲೆಂದು ಹಚ್ಚಿದ ರಾಳದ ಲೇಪವೇ ಕಾಲಕ್ರಮದಲ್ಲಿ ವಿದ್ಯುತ್ತನ್ನು ಅಷ್ಟಿಷ್ಟು ಸೋರಗೊಡುತ್ತದೆ. ಘಟಕವನ್ನು ಬಿಡಿಸಿ, ಅಸಿಟೋನಿನಲ್ಲಿ ನೆನೆಸಿ, ಲೇಪವನ್ನು ತೆಗೆದುಬಿಟ್ಟರೆ ಅನೇಕ ಸಲ ಅದು ಮತ್ತೆ ನುಡಿಯುತ್ತದೆ. ನುಡಿಯದಿದ್ದರೆ ಬೇರೆಯವರು ತಯಾರಿಸುವ ಪ್ರತಿರೂಪಗಳುಂಟು. ಅಗ್ಗದ ಹೊಸ ಕೀಬೋರ್ಡುಗಳಲ್ಲಾದರೋ ಎಲ್ಲ ಕೆಲಸವನ್ನೂ ಒಂದೇ ಚಿಪ್ಪಿನಲ್ಲಿ ತುಂಬಿರುವುದರಿಂದ, ಅಲ್ಲಿ “ಬೋರ್ಡೇ ಹೋಗಿದೆ” ಎಂಬ ತೀರ್ಪು ಕೆಲವು ವೇಳೆ ನಿಜವೇ ಆಗಿರುತ್ತದೆಂದು ಒಪ್ಪಬೇಕು.

ಕೀ ಒತ್ತದಿದ್ದರೂ ಗುಂಯ್ ಎನ್ನುವ ಶಬ್ದವು ವಿದ್ಯುತ್ ಪೂರೈಕೆಯ ರೋಗ. ನಮ್ಮ ಮನೆಗಳ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಅದನ್ನು ಏಕಮುಖಗೊಳಿಸಿದಾಗ 100 ಏರಿಳಿತಗಳಾಗುತ್ತವೆ. ಈ ಅಲೆಗಳನ್ನು ಸಮಗೊಳಿಸತಕ್ಕ ಧಾರಕಗಳೊಳಗಿನ ದ್ರವವು ಒಣಗಿದರೆ ಅಲೆಗಳು ಕಿವಿಗೆ ಬೀಳುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಧಾರಕಗಳು ಧಾರಾಳವಾಗಿ ದೊರೆಯುತ್ತವೆ. ಆದರೆ ಗೋಡೆಯ ವಿದ್ಯುತ್ತಿಗೆ ನೇರವಾಗಿ ಜೋಡಿಸುವ ವಾದ್ಯವನ್ನು ವಿದ್ಯಾರ್ಥಿಗಳು ತಾವೇ ಬಿಚ್ಚಕೂಡದು. ಧಾರಕವು ತಂತಿ ಕಿತ್ತ ಮೇಲೂ ವಿದ್ಯುತ್ತನ್ನು ಹಿಡಿದಿಟ್ಟಿರಬಹುದು. ಅಡಾಪ್ಟರಿನ ವಿಷಯದಲ್ಲಿಯೂ ಎಚ್ಚರ ಬೇಕು. ಯಮಾಹಾದ ಬಹುಪಾಲು ಕೀಬೋರ್ಡುಗಳಲ್ಲಿ ನಡುವಣ ಕಡ್ಡಿ ಧನ ಧ್ರುವ. ಕ್ಯಾಸಿಯೋದ ಎಷ್ಟೋ ಹಳೆಯ ಮಾದರಿಗಳಲ್ಲಿ ಅದೇ ಋಣ ಧ್ರುವ. ಒಂದರದನ್ನು ಇನ್ನೊಂದಕ್ಕೆ ಚುಚ್ಚಿದರೆ ದುರಸ್ತಿಗಾರನಿಗೆ ಕೆಲಸ ಸಿಕ್ಕಿತೆಂದೇ ಅರ್ಥ.

ಇಷ್ಟೆಲ್ಲ ದೋಷಗಳಿಗಿಂತ ಕ್ರೂರವಾದುದೊಂದಿದೆ. ಅದು ಬರುವಾಗ ಸದ್ದನ್ನೇ ಮಾಡುವುದಿಲ್ಲ. ಅಮೆರಿಕದಲ್ಲಿ 1978ರಲ್ಲಿ ಹೊರಬಂದ ಪ್ರಾಫೆಟ್-5 ಮೊದಲುಗೊಂಡು, ವಾದಕನು ತಾನೇ ರೂಪಿಸಿದ ನಾದಗಳನ್ನು ನೆನಪಿಟ್ಟುಕೊಳ್ಳುವ ಸಿಂಥಸೈಸರುಗಳು ಬಳಕೆಗೆ ಬಂದವು. ಅಂದಿನ ಸ್ಮೃತಿಕೋಶಗಳು ವಿದ್ಯುತ್ತು ನಿಂತೊಡನೆ ಎಲ್ಲವನ್ನೂ ಮರೆಯುವಂಥವು. ಆದುದರಿಂದ ಒಳಗೊಂದು ಸಣ್ಣ ಬ್ಯಾಟರಿ ಅವನ್ನು ಹಗಲಿರುಳೂ ಎಚ್ಚರವಾಗಿಟ್ಟಿರುತ್ತಿತ್ತು. ಬ್ಯಾಟರಿ ಸತ್ತರೆ ನಾದಗಳೂ ಸತ್ತವು. ಕಾರ್ಖಾನೆಯಿಂದ ಬಂದ ನಾದಗಳನ್ನು ಮತ್ತೆ ತುಂಬಬಹುದು. ತಿಂಗಳುಗಟ್ಟಲೆ ತಿದ್ದಿ ತೀಡಿ ಮಾಡಿಕೊಂಡ ಸ್ವಂತ ನಾದವನ್ನು ತುಂಬುವವರಾರು?

1981ರ ಕೋರ್ಗ್ ಪಾಲಿಸಿಕ್ಸ್ ವಾದ್ಯದಲ್ಲಿದ್ದುದು ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿ. ಮುದಿಯಾದಾಗ ಅದರಿಂದ ಕ್ಷಾರವು ಜಿನುಗಿ ಹಲಗೆಯ ಮೇಲಿನ ತಾಮ್ರದ ಗೆರೆಗಳನ್ನೇ ತಿಂದುಹಾಕುತ್ತದೆ. ದುರಸ್ತಿಗಾರನು ಬ್ಯಾಟರಿಯನ್ನು ಕಿತ್ತು, ಕ್ಷಾರವನ್ನು ವಿನಿಗರಿನಂಥ ಸೌಮ್ಯ ಆಮ್ಲದಿಂದ ತಟಸ್ಥಗೊಳಿಸಿ, ತೊಳೆದು ಒಣಗಿಸಿ, ಹರಿದ ಗೆರೆಗಳನ್ನು ಕೂದಲೆಳೆಯಂಥ ತಂತಿಗಳಿಂದ ಒಂದೊಂದಾಗಿ ಕೂಡಿಸುತ್ತಾನೆ. ಅದರ ಬದಲು ಲಿಥಿಯಂ ಬಿಲ್ಲೆಯನ್ನು ಹಾಕುವುದಾದರೆ ಡಯೋಡೊಂದನ್ನು ಸೇರಿಸಲೇಬೇಕು, ಏಕೆಂದರೆ ಅಂಥ ಬಿಲ್ಲೆಗೆ ಮರಳಿ ವಿದ್ಯುತ್ತು ತುಂಬಿಸುವುದು ಅಪಾಯ.

ಯಮಾಹಾ ಸಂಸ್ಥೆಯ 1983ರ ಡಿಎಕ್ಸ್7ರಲ್ಲಿ 32 ನಾದಗಳನ್ನು ಕಾಯುವುದು 3 ವೋಲ್ಟಿನ ಒಂದು ಲಿಥಿಯಂ ಬಿಲ್ಲೆ. ಅದನ್ನು ಹಲಗೆಗೇ ಬೆಸೆದಿರುವುದರಿಂದ ಬದಲಿಸಲು ಬೆಸುಗೆಯ ಕಡ್ಡಿ ಬೇಕು. ಇಂಥ ವಾದ್ಯವನ್ನು ಹೊತ್ತು ಅಂಗಡಿಗೆ ಹೋದಾಗ ಬಲ್ಲವನು ಕೇಳುವ ಮೊದಲ ಪ್ರಶ್ನೆಯೇ “ನಿಮ್ಮ ನಾದಗಳ ಪ್ರತಿ ತೆಗೆದಿಟ್ಟಿದ್ದೀರಾ?” ಎಂಬುದು. ಇಲ್ಲವೆಂದರೆ ಅವನು ಮಿಡಿ ತಂತಿಯ ಮೂಲಕ ಅವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾನೆ. ಅನಂತರವೇ ಹಳೆಯ ಬಿಲ್ಲೆಯನ್ನು ಬಿಡಿಸಿ, ಆ ಜಾಗದಲ್ಲಿ ಒಂದು ಹಿಡಿಕೆಯನ್ನು ಬೆಸೆದು, ಹೊಸ ಬಿಲ್ಲೆಯನ್ನು ಅದರೊಳಕ್ಕೆ ಸಿಕ್ಕಿಸುತ್ತಾನೆ. ಮುಂದಿನ ಸಲ ಬೆಸುಗೆಯ ಕೆಲಸವಿರುವುದಿಲ್ಲ.